ಮುಗಿದ ಗೋಡೆಯಿಂದ

ದುಲೂತ್ ನಗರದ ಕಟ್ಟಡ ಇಲಾಖೆಯಿಂದ
ಮೂರನೇ ಸಲ ವಾಪಸು ಬಂತು ನನ್ನ ನಕ್ಷೆ.
ಕೆಂಪು ಶಾಯಿಯಲ್ಲಿ ಒಂದೇ ಸಾಲು:
'ಮುಗಿದ ಗೋಡೆಯಿಂದ ಅಳೆಯಿರಿ.'

ನಾನು ಅಳೆದದ್ದು ಮರದ ಚೌಕಟ್ಟಿನಿಂದ.
ಕಮೋಡಿನ ನಡುಗೆರೆಗೆ ಹದಿನಾರು ಅಂಗುಲ,
ಕೋಡ್ ಪುಸ್ತಕ ಕೇಳುವ ಕನಿಷ್ಠ, ಕೂದಲೆಳೆ ಹೆಚ್ಚಿಲ್ಲ,
ಜಿಪುಣ ಶೆಟ್ಟರ ತಕ್ಕಡಿಯ ಹಾಗೆ.
ಅದರ ಮೇಲೆ ಹಲಗೆ ಬರುತ್ತದೆ, ಗಾರೆ ಬರುತ್ತದೆ,
ಟೈಲು ಬರುತ್ತದೆ. ಗೋಡೆ ದಪ್ಪಗಾಗುತ್ತದೆ
ಮದುವೆಯಾದ ಗಂಡಸಿನಂತೆ, ಯಾರಿಗೂ ಹೇಳದೆ.
ಹದಿನಾರು ಹದಿನೈದಾಗುತ್ತದೆ.

ಒಂದಂಗುಲ. ಹೆಬ್ಬೆರಳಗಲ. ಅಷ್ಟಕ್ಕೇನು
ಎಂದೆ ಫೋನಿನಲ್ಲಿ, ವೆಂಡೆಲ್ ಓಸ್ಟ್‌ಬಿಗೆ.
ಇಪ್ಪತ್ತೆಂಟು ವರ್ಷದಿಂದ ಬಚ್ಚಲು ಅಳೆಯುವವನು.
ಕೆಮ್ಮಿದ. 'ಆಯ್ಲಿಯನ್ನು ಕೇಳು' ಅಂದ. ಇಟ್ಟುಬಿಟ್ಟ.

ಆಯ್ಲಿ ಕಾರ್ಪೆಲಾ, ಬುಧವಾರದ ಬೌಲಿಂಗ್ ತಂಡದವಳು.
ಅದಿರಿನ ಹಡಗುಗಳಿಗೆ ಹಗ್ಗ ಬಿಗಿಯುತ್ತಿದ್ದವಳು,
ಹನ್ನೊಂದು ವರ್ಷದಿಂದ ಗಾಲಿಕುರ್ಚಿ.
ನಾವು ಒಡೆದು ಕಟ್ಟುತ್ತಿರುವುದು ಅದೇ ಬೌಲಿಂಗ್ ಮನೆಯ ಶೌಚಾಲಯ,
ಅವಳಿಗೆ ಈವರೆಗೂ ಕನ್ನಡಿಯೊಳಗಿನ ಗಂಟು.
'ಬುಧವಾರ ಬೆಳಗಿನಿಂದ ನೀರು ಕುಡಿಯುವುದಿಲ್ಲ.
ಕಾಫಿ ಇಲ್ಲ. ಗೆದ್ದರೂ ಬಿಯರಿಲ್ಲ.'
ನಾಳೆ ಮೋಡವಿದೆ ಎನ್ನುವ ದನಿಯಲ್ಲಿ ಹೇಳಿದಳು.
ನಾನು ಅಳತೆಪಟ್ಟಿ ಎಳೆದೆ, ಬಿಟ್ಟೆ,
ಎಳೆದೆ, ಬಿಟ್ಟೆ.

ನೆಲವಿನ್ನೂ ಬರಿಯ ಸಿಮೆಂಟು. ಸೀಮೆಸುಣ್ಣದಲ್ಲಿ
ಕುರ್ಚಿ ತಿರುಗಲು ಐದು ಅಡಿಯ ವೃತ್ತ ಬರೆದೆ.
ಅಡಿ! ಎಂಥ ಮಾತು.
ಗೇಣು, ಮೊಳ, ಮಾರು, ಅಂಗುಲ,
ಅಳತೆಯೆಲ್ಲ ಮೈಯಿಂದಲೇ ಕಡ ತಂದದ್ದು.
ಯಾರ ಮೈ?
ನಿಂತವನೊಬ್ಬ ತನ್ನ ಪಾದ ನೋಡಿಕೊಂಡು
ಲೋಕಕ್ಕೆಲ್ಲ ಬಾಗಿಲು ಕೊಯ್ದ.

ವೃತ್ತದೊಳಗೆ ಬಂದಳು. ಎಡಕ್ಕೆ ತಿರುಗಿದಳು, ಬಲಕ್ಕೆ,
ಮತ್ತೊಮ್ಮೆ, ಸುಮ್ಮನೆ, ಖುಷಿಗೆ.
ಚಕ್ರ ಸುಣ್ಣದ ಗೆರೆ ಅಳಿಸಲಿಲ್ಲ.
ಹಾಲಿನ ಕ್ರೇಟು ಬೋರಲಿಟ್ಟು ಕಮೋಡು ಅಂದೆವು.
ಪಕ್ಕಕ್ಕೆ, ಹದಿನೈದಕ್ಕೆ, ನಾನೇ ಗೋಡೆಯಾಗಿ ನಿಂತೆ,
ಕಂಬಿಯ ಎತ್ತರಕ್ಕೆ ತೋಳು ಚಾಚಿ.

ಕುರ್ಚಿಯಿಂದ ಕ್ರೇಟಿಗೆ ಜಾರಿದಳು.
ಏಳಲು ನೋಡಿದಾಗ ಮೊಣಕೈ ನನ್ನ ಪಕ್ಕೆಗೆ ಸಿಕ್ಕಿಕೊಂಡಿತು,
ಬೋನಿನಲ್ಲಿ ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ.
'ಇದು ನಿನ್ನ ಒಂದಂಗುಲ' ಅಂದಳು.
ಹಿಂದೆ ಸರಿದೆ. ಹದಿನಾರು. ಇನ್ನೂ ಸ್ವಲ್ಪ.
ಹದಿನೇಳಕ್ಕೆ ಅವಳ ಭುಜ ಕೆಳಗಿಳಿಯಿತು.

ಹಿಡಿಕಂಬಿ ಇನ್ನೂರೈವತ್ತು ಪೌಂಡು ಹೊರಬೇಕು, ಅದು ನಿಯಮ.
ನನ್ನ ತೋಳು ಒಂದು ಕ್ಷಣ ಹೊತ್ತು ನಡುಗಿತು.
'ಟೈಲಿನ ಹಿಂದೆ ಮರದ ದಿಮ್ಮಿ ಕೂರಿಸು.
ಟೈಲು ಯಾರನ್ನೂ ಹಿಡಿಯುವುದಿಲ್ಲ.
ಸಿಂಕಿನಡಿಯ ಬಿಸಿನೀರ ಕೊಳವೆಗೆ ಅಂಗಿ ತೊಡಿಸು.
ಮೊಣಕಾಲು ಸುಟ್ಟದ್ದು ನನಗೊಮ್ಮೆ
ವಾಸನೆಯಿಂದ ಗೊತ್ತಾಯಿತು.'

ಇದು ಪುಸ್ತಕದಲ್ಲಿತ್ತು. ಓದಿದ್ದೆ.
ಓದಿದ್ದೆ ಎಂದುಕೊಂಡಿದ್ದೆ.

ನಾಲ್ಕನೇ ನಕ್ಷೆಗೆ ವೆಂಡೆಲ್ ಏನೂ ಬರೆಯಲಿಲ್ಲ, ಮೊಹರು ಒತ್ತಿದ.
ಫೆಬ್ರವರಿಯಲ್ಲಿ, ಸರೋವರ ಕಲ್ಲಾದಾಗ,
ಬೂಟಿನ ಹಿಮ ಬಾಗಿಲಲ್ಲೇ ಕೊಡವಿ
ಒಳಗೆ ಬಂದು, ಮಂಡಿಯೂರಿ ಅಳೆದ.
ದೇವರಮನೆಯಲ್ಲೂ ಅಷ್ಟು ಹೊತ್ತು ಮಂಡಿಯೂರಿರಲಾರ.

ಆ ಬುಧವಾರ ಆಯ್ಲಿ ಎರಡು ಕಾಫಿ ಕುಡಿದಳು,
ಒಂದು ಬಿಯರು. ಹೀನಾಯವಾಗಿ ಸೋತಳು.
ಆಟದ ನಡುವೆ ಹೋದಳು, ಬಂದಳು.
ಯಾರೂ ತಲೆಯೆತ್ತಿ ನೋಡಲಿಲ್ಲ.

ಮರುವಾರ ಯಾರೋ ಕಸದ ಡಬ್ಬಿ ತಂದಿಟ್ಟಿದ್ದರು
ಟೈಲಿನಡಿ ಮುಚ್ಚಿಹೋದ ಆ ವೃತ್ತದ ನಟ್ಟನಡುವೆ.
ಎತ್ತಿ ಮೂಲೆಗಿಟ್ಟೆ.
ಅದರ ಮುಂದಿನ ವಾರವೂ.